ಟಿಕೆಟ್ ದುಡ್ಡು ವಸೂಲಾಯ್ತಾ?

ಪರೀಕ್ಷೆ ಮುಗಿಸಿ ಬಂದ ಮಗರಾಯ ಸ್ಕೂಲ್ ಬ್ಯಾಗನ್ನು ಮೂಲೆಗೆ ಎಸೆದವನೇ ಕೇಳಿದ, ‘ಅಮ್ಮಾ, ಈ ಸಲ ರಜಕ್ಕೆ ಎಲ್ಲಿಗೆ ಹೋಗೋದು?’ ‘ಅಜ್ಜಿ ಮನೆಗೆ’ ಅಂದೆ. ‘ಅದು ಊರು. ರಜಕ್ಕೆ ಎಲ್ಲಿಗೆ ಅಂತ ಕೇಳಿದ್ದು’ ಅಂದ! ಎದುರು ಮನೆ ಹುಡುಗ ಆಗಲೇ ಥೀಮ್ ಪಾರ್ಕಿಗೆ ಹೋಗಿ ಬಂದು, ಅಷ್ಟೆತ್ತರದಿಂದ ನೀರಿಗೆ ಜಾರಿ ಬಿದ್ದ ಕಥೆಯನ್ನು ಇಡೀ ಬೀದಿಗೆ ಹೇಳಿ ಮುಗಿಸಿದ್ದ. ಇನ್ನು ನಮ್ಮ ಮನೆಯಲ್ಲಿ ನಿದ್ದೆ ಎಲ್ಲಿಂದ ಬರಬೇಕು?

ನಾನು ಚಿಕ್ಕವಳಿದ್ದಾಗ ಇಂಥ ಆಟ ಅಂದರೆ ಜಾತ್ರೆಯ ತೊಟ್ಟಿಲು, ಮೈಸೂರು ದಸರಾ ವಸ್ತುಪ್ರದರ್ಶನದ ಜೈಂಟ್ ವೀಲ್, ಬೆಂಗಳೂರಿನ ನೆಂಟರ ಮನೆಗೆ ಹೋದರೆ ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು. ಒಂದು ಸುತ್ತಿಗೆ ಒಂದು ಟಿಕೆಟ್. ಇಷ್ಟ ಇದ್ದರೆ ಹತ್ತು, ಭಯ ಆದರೆ ಆ ದುಡ್ಡಲ್ಲಿ ಬೊಂಬಾಯಿ ಮಿಠಾಯಿ ತಿನ್ನು. ಆಮೇಲೆ ಬಂದವು ನೋಡಿ ಈ ದೊಡ್ಡ ಪಾರ್ಕುಗಳು. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್, 2005ರಲ್ಲಿ ಬಿಡದಿ ಹತ್ತಿರ ವಂಡರ್‌ಲಾ. ಇಲ್ಲಿ ಲೆಕ್ಕವೇ ಬೇರೆ. ಇಡೀ ದಿನದ ದುಡ್ಡನ್ನು ಮೊದಲೇ ಕೊಟ್ಟು ಒಳಗೆ ಹೋಗಬೇಕು. ಒಳಗೆ ಹೋದ ಮೇಲೆ ಎಷ್ಟು ಆಡಿದರೂ ಅಷ್ಟೇ, ಆಡದಿದ್ದರೂ ಅಷ್ಟೇ. ನನ್ನ ಪ್ರಕಾರ ನಮ್ಮಂಥವರ ತಲೆ ಕೆಡೋದು ಇಲ್ಲೇ. ದುಡ್ಡು ಕೊಟ್ಟಾಗಿದೆ, ಇನ್ನು ವಸೂಲಿ ಮಾಡಬೇಕು ಅನ್ನೋ ಹಟ ಗೇಟು ದಾಟುವಾಗಲೇ ಹೆಗಲೇರಿಬಿಡುತ್ತೆ.

ನಮ್ಮನೆಯಲ್ಲೂ ಆದದ್ದು ಇದೇ. ಎರಡು ವರ್ಷದ ಹಿಂದಿನ ಮಾತು. ನಮ್ಮವರು, ನಾನು, ಎರಡನೇ ಕ್ಲಾಸಿನ ಮಗ, ನಾಲ್ಕು ವರ್ಷದ ಮಗಳು, ಜೊತೆಗೆ ಮೈದುನ, ಓರಗಿತ್ತಿ, ಅವರ ಹತ್ತು ವರ್ಷದ ಮಗ. ಯಾವ ಪಾರ್ಕು ಅಂತ ಹೆಸರು ಹೇಳೋಲ್ಲ, ಯಾಕೆಂದರೆ ತಪ್ಪು ಬಹುಪಾಲು ನಮ್ಮದೇ. ಬಾಡಿಗೆ ವ್ಯಾನು, ಎಲ್ಲರ ಟಿಕೆಟ್ಟು, ಊಟ, ಲಾಕರ್ರು ಅಂತ ಕೂಡಿಸಿದರೆ ನಮ್ಮ ಪಾಲಿಗೆ ಬಂದದ್ದು ಒಂದು ತಿಂಗಳ ದಿನಸಿ ದುಡ್ಡಿಗಿಂತ ಜಾಸ್ತಿ. ಹಾಗಾಗಿ ನಮ್ಮವರು ಹಿಂದಿನ ರಾತ್ರಿಯೇ ಪಟ್ಟಿ ಮಾಡಿಟ್ಟಿದ್ದರು. ‘ಹತ್ತೂವರೆಗೆ ಒಳಗೆ, ಸಂಜೆ ಮುಚ್ಚೋವರೆಗೂ ಒಂದೂ ಬಿಡಬಾರದು’ ಅಂತ. ಥೇಟ್ ಎಲೆಕ್ಷನ್ ಡ್ಯೂಟಿ!

ಮೊದಲ ಪೆಟ್ಟು ಗೇಟಿನಲ್ಲೇ. ರಾತ್ರಿಯೆಲ್ಲ ಎದ್ದು ಮಾಡಿದ ಪುಳಿಯೋಗರೆ, ಚಪಾತಿ, ಅತ್ತೆ ಕಟ್ಟಿಕೊಟ್ಟ ಚಕ್ಕುಲಿ, ಕೋಡುಬಳೆ ಎಲ್ಲವೂ ‘ಹೊರಗಿನ ತಿಂಡಿ ಬಿಡಲ್ಲ ಮೇಡಂ’ ಅನ್ನೋ ಒಂದೇ ಮಾತಿಗೆ ವ್ಯಾನಿಗೆ ವಾಪಸ್ಸು. ವಿಚಾರಿಸದೇ ಹೋದದ್ದು ನನ್ನ ತಪ್ಪೇ ಬಿಡಿ. ಬಹಳಷ್ಟು ಪಾರ್ಕುಗಳಲ್ಲಿ ಇದೇ ನಿಯಮ. ಹಸುಗೂಸಿನ ಆಹಾರಕ್ಕೆ ಸಾಮಾನ್ಯವಾಗಿ ವಿನಾಯಿತಿ ಇರುತ್ತೆ, ಅದನ್ನೂ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಈಗ ನಾನು ಮಾಡೋದು ಇಷ್ಟೇ: ಬೆಳಿಗ್ಗೆ ದಾರಿಯಲ್ಲೇ ಹೊಟ್ಟೆ ತುಂಬಾ ತಿನ್ನಿಸಿ ಒಳಗೆ ಬಿಡೋದು, ವಾಪಸ್ಸು ಬರುವಾಗ ತಿನ್ನೋಕೆ ವ್ಯಾನಿನಲ್ಲಿ ಕೆಡದ ತಿಂಡಿ ಇಡೋದು. ಮೊಸರನ್ನ ಮಾತ್ರ ಬೇಡ, ಬಿಸಿಲಲ್ಲಿ ನಿಂತ ವ್ಯಾನಿನೊಳಗೆ ಮಧ್ಯಾಹ್ನಕ್ಕೇ ಹುಳಿ ಬಂದಿರುತ್ತೆ.

ಬೆರಳ ತುದಿಯಲ್ಲಿ ಪುಟ್ಟಿ

ಎರಡನೇ ಪೆಟ್ಟು ಬಿದ್ದದ್ದು ಪುಟ್ಟಿಗೆ. ರೈಡ್‌ಗಳ ಮುಂದೆ ಎತ್ತರ ಅಳೆಯುವ ಕೋಲು ನಿಲ್ಲಿಸಿರುತ್ತಾರಲ್ಲ, ಅದರ ಗೆರೆಗಿಂತ ಅವಳು ನಾಲ್ಕು ಬೆರಳು ಗಿಡ್ಡ. ಅರ್ಧ ಗಂಟೆ ಕ್ಯೂ ನಿಂತಾಗಿದೆ. ಅಣ್ಣಂದಿರು ಒಳಗೆ ಹೋಗಿಯೂ ಆಯ್ತು. ನಮ್ಮವರು ಮೆಲ್ಲಗೆ, ‘ಬೆರಳ ತುದೀಲಿ ನಿಲ್ಲು ಪುಟ್ಟಿ’ ಅಂದರು. ಅವಳೂ ಉಸಿರು ಬಿಗಿಹಿಡಿದು, ಕತ್ತು ಉದ್ದ ಮಾಡಿ ನಿಂತಳು. ಅಲ್ಲಿದ್ದ ಹುಡುಗ ನಕ್ಕು, ‘ಆಗಲ್ಲ ಸಾರ್’ ಅಂದ. ‘ಇವಳಿಗೂ ದುಡ್ಡು ಕೊಟ್ಟಿಲ್ವೇನ್ರೀ?’ ಅಂತ ನಮ್ಮವರ ದನಿ ಏರಿತು. ಆ ಹುಡುಗ ಸಿಟ್ಟಾಗಲಿಲ್ಲ. ‘ಸಾರ್, ಪಾಪು ಜಾರಿಬಿಟ್ರೆ?’ ಅಂದ ಅಷ್ಟೇ.

ಅವನು ಹೇಳಿದ್ದೇ ಸರಿ ಅಂತ ನನಗೆ ಅರ್ಥವಾದದ್ದು ಆಮೇಲೆ. ರೈಡಿನ ಸೀಟು, ತೊಡೆ ಮೇಲೆ ಬರುವ ಸರಳು, ಬೆಲ್ಟು ಎಲ್ಲವನ್ನೂ ಇಂತಿಷ್ಟು ಎತ್ತರದ ಮೈಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಪಕ್ಕದಲ್ಲಿ ಕೂತ ದೊಡ್ಡವರ ತೊಡೆಗೆ ತಾಗಿ ಸರಳು ನಿಂತರೆ, ಮಗುವಿನ ಮೇಲೆ ಗೇಣುದ್ದ ಜಾಗ ಖಾಲಿ ಉಳಿಯುತ್ತೆ. ಗಾಡಿ ತಿರುಗುವಾಗ ಆ ಸಂದಿಯಲ್ಲೇ ಮಗು ಜಾರೋದು. ‘ನಾನು ಗಟ್ಟಿಯಾಗಿ ಹಿಡ್ಕೋತೀನಿ ಬಿಡ್ರೀ’ ಅನ್ನೋ ಅಪ್ಪಂದಿರ ಕೈಬಲ ಆ ವೇಗದ ಮುಂದೆ ಏನೂ ಅಲ್ಲ. ಬೂಟಿನೊಳಗೆ ಕರ್ಚೀಫು ತುರುಕಿ ಮಗುವನ್ನು ಎತ್ತರ ಮಾಡಿದವರನ್ನೂ ಅವತ್ತು ನೋಡಿದೆ. ಬೆರಳ ತುದಿಯಲ್ಲಿ ನಿಲ್ಲಿಸಿದ ನಾವು ಅವರಿಗಿಂತ ದೊಡ್ಡವರೇನಲ್ಲ.

ಆದರೆ ನನ್ನ ಕರುಳು ಕಿತ್ತುಬಂದದ್ದು ಅದಕ್ಕಲ್ಲ. ಪುಟ್ಟಿ ಪಕ್ಕಕ್ಕೆ ಬಂದು, ‘ಅಮ್ಮಾ, ನಾನು ಇನ್ನೂ ಅನ್ನ ತಿನ್ನಬೇಕಿತ್ತಾ?’ ಅಂದಳು. ಊಟ ಮಾಡದಿದ್ದರೆ ಎತ್ತರ ಆಗಲ್ಲ ಅಂತ ದಿನಾ ಹೆದರಿಸೋ ಅಮ್ಮ ನಾನೇ ತಾನೆ?

ಇದನ್ನು ತಪ್ಪಿಸೋಕೆ ಏನೂ ಖರ್ಚಿಲ್ಲ ಕಣ್ರೀ. ಹೊರಡೋ ಮುಂಚೆ ಮನೆಯ ಬಾಗಿಲ ಚೌಕಟ್ಟಿಗೆ ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ ಟೇಪಿನಲ್ಲಿ ಅಳೆಯಿರಿ. ಯಾವ ರೈಡಿಗೆ ಎಷ್ಟು ಎತ್ತರ ಬೇಕು ಅಂತ ಪಾರ್ಕಿನವರೇ ಹಾಕಿರುತ್ತಾರೆ, ಇಲ್ಲದಿದ್ದರೆ ಫೋನಿನಲ್ಲಿ ಹೇಳುತ್ತಾರೆ. ಎಷ್ಟೋ ಕಡೆ ಮಕ್ಕಳ ಟಿಕೆಟ್ ದರವೂ ಎತ್ತರದ ಮೇಲೇ ನಿಂತಿರುತ್ತೆ, ಆದ್ದರಿಂದ ಈ ಅಳತೆ ಜೇಬಿಗೂ ಬೇಕು. ‘ಇವಿಷ್ಟು ನಿಂದು, ಇವು ಅಣ್ಣಂದು, ಅವು ನೀನು ದೊಡ್ಡವಳಾದ ಮೇಲೆ’ ಅಂತ ಮನೆಯಲ್ಲೇ ಹೇಳಿಬಿಟ್ಟರೆ, ಅಷ್ಟು ಜನರ ಎದುರು ಮಗು ಮುಖ ಸಣ್ಣ ಮಾಡಿಕೊಂಡು ಹಿಂದೆ ಬರೋದು ತಪ್ಪುತ್ತೆ.

ಗಂಡು ಹುಡುಗ ಹೆದರಬಾರದಾ?

ಇನ್ನು ಮಗನ ವಿಷಯ. ಬರೆಯೋಕೆ ನಾಚಿಕೆಯಾಗುತ್ತೆ, ಆದರೂ ಬರೀತೀನಿ. ಕತ್ತಲೆ ಮನೆ, ಅಸ್ಥಿಪಂಜರ, ಇದ್ದಕ್ಕಿದ್ದಂತೆ ಕಿರುಚೋ ದೆವ್ವ ಇರೋ ಒಂದು ಆಟ. ಬಾಗಿಲಿಗೆ ಹೋದವನೇ ನನ್ನ ಮಗ ನಿಂತುಬಿಟ್ಟ. ‘ನಾ ಬರಲ್ಲ’ ಅಂದ. ಮೈದುನ, ‘ಗಂಡು ಹುಡುಗ ಆಗಿ ಹೆದರ್ತೀಯೇನೋ? ನೋಡು, ಅಣ್ಣ ಹೆಂಗೆ ಹೊರಟ’ ಅಂತ ರಟ್ಟೆ ಹಿಡಿದರು. ಮಗ ನನ್ನ ಮುಖ ನೋಡಿದ. ನಾನೇನು ಮಾಡಿದೆ ಗೊತ್ತೇ? ‘ಏನಾಗಲ್ಲ, ಹೋಗಿ ಬಾ ಕಂದ’ ಅಂದೆ. ಎಲ್ಲರೂ ನೋಡ್ತಿದ್ದಾರೆ, ನನ್ನ ಮಗ ಪುಕ್ಕಲ ಅನ್ನಿಸಿಕೊಳ್ಳಬಾರದಲ್ಲ!

ಐದು ನಿಮಿಷಕ್ಕೆ ಹೊರಗೆ ಬಂದ. ಅಳಲಿಲ್ಲ. ಬಂದವನೇ ನನ್ನ ಕುರ್ತಾ ಹಿಡಿದು ನಿಂತ. ಚಡ್ಡಿ ಒದ್ದೆಯಾಗಿತ್ತು. ದೊಡ್ಡಣ್ಣ ಅದನ್ನು ನೋಡಿ ನಕ್ಕಾಗ ಮೈದುನರ ಮುಖವೂ ಪೆಚ್ಚಾಯಿತು, ಪಾಪ. ಅವರೇನೂ ಕೆಟ್ಟವರಲ್ಲ, ಅವರಿಗೂ ಚಿಕ್ಕಂದಿನಲ್ಲಿ ಯಾರೋ ಹೀಗೇ ರಟ್ಟೆ ಹಿಡಿದಿದ್ದಿರಬೇಕು. ಊರಿಗೆ ಬಂದ ಮೇಲೆ ಸುಮಾರು ಒಂದು ತಿಂಗಳು ಮಗ ಒಬ್ಬನೇ ಬಚ್ಚಲಿಗೆ ಹೋಗಲಿಲ್ಲ. ರಾತ್ರಿ ಲೈಟು ಆರಿಸೋ ಹಾಗಿಲ್ಲ. ಅತ್ತೆ ದೃಷ್ಟಿ ತೆಗೆದದ್ದೂ ಆಯಿತು.

ಅದು ಬಣ್ಣ ಬಳಿದ ಬೊಂಬೆ, ಒಳಗೆ ಮೋಟಾರು ಇದೆ ಅಂತ ನಮಗೆ ಗೊತ್ತು. ಚಿಕ್ಕ ಮಗುವಿಗೆ ನಿಜ ಯಾವುದು, ನಾಟಕ ಯಾವುದು ಅನ್ನೋ ಗೆರೆ ಇನ್ನೂ ಗಟ್ಟಿಯಾಗಿರೋಲ್ಲ. ದೆವ್ವ ಕಂಡರೆ ದೆವ್ವವೇ. ಅದಕ್ಕಿಂತ ಹೆಚ್ಚಿನ ಮಾತೊಂದಿದೆ. ‘ಬೇಡ’ ಅಂತ ಮಗು ಬಾಯಿಬಿಟ್ಟು ಹೇಳಿದಾಗ ಅಮ್ಮನೇ ಕೇಳಲಿಲ್ಲ ಅಂದರೆ, ನಾಳೆ ಬೇರೆ ಯಾರೋ ಬೇಡದ್ದಕ್ಕೆ ಎಳೆದಾಗ ಅದು ಯಾರ ಹತ್ತಿರ ಬಂದು ಹೇಳಬೇಕು? ಆದ್ದರಿಂದ ನಮ್ಮ ಮನೆಯಲ್ಲಿ ಈಗ ಒಂದು ಕಟ್ಟುನಿಟ್ಟು ಮಾಡಿದ್ದೇವೆ. ಕ್ಯೂನಲ್ಲಿ ಎಷ್ಟು ಹೊತ್ತು ನಿಂತಿದ್ದರೂ ಸರಿ, ಹತ್ತೋ ಬಾಗಿಲಲ್ಲೇ ಸರಿ, ಮಗು ‘ಬೇಡ’ ಅಂದರೆ ವಾಪಸ್ಸು. ಯಾಕೆ ಏನು ಅಂತ ಕೇಳೋದಿಲ್ಲ, ನಗೋದಂತೂ ಇಲ್ಲವೇ ಇಲ್ಲ. ಸ್ವಲ್ಪ ಹೊತ್ತು ಹೊರಗಿಂದಲೇ ನೋಡಲಿ. ಜನ ನಗ್ತಾ ಇಳಿದು ಬರೋದನ್ನು ನಾಲ್ಕು ಸಲ ನೋಡಿದ ಮೇಲೆ, ಕೆಲವು ಮಕ್ಕಳು ತಾವಾಗಿಯೇ ‘ಈಗ ಹೋಗೋಣ’ ಅಂತಾವೆ. ಅನ್ನದಿದ್ದರೆ ಬೇಡ.

ತಿರುಗೋ ರೈಡುಗಳಲ್ಲಿ ವಾಂತಿ ಮಾಡಿಕೊಳ್ಳೋ ಮಕ್ಕಳನ್ನೂ ‘ಸೂಕ್ಷ್ಮ’ ಅಂತ ಹೀಗಳೆಯಬೇಡಿ. ಒಳಕಿವಿ ‘ತಿರುಗ್ತಿದ್ದೀನಿ’ ಅನ್ನುತ್ತೆ, ಕಣ್ಣು ಬೇರೇನೋ ಹೇಳುತ್ತೆ, ಎರಡರ ಜಗಳದಲ್ಲಿ ಹೊಟ್ಟೆ ತೊಳಸೋದು. ಎರಡು ವರ್ಷ ದಾಟಿದ ಮೇಲಿಂದ ಹನ್ನೆರಡರವರೆಗೂ ಇದು ಹೆಚ್ಚು. ಬಸ್ಸಿನಲ್ಲಿ ವಾಂತಿ ಮಾಡೋ ಮಗು ಇಲ್ಲೂ ಮಾಡುತ್ತೆ. ಊಟವಾದ ಕೂಡಲೇ ಅಂಥ ರೈಡಿಗೆ ಹತ್ತಿಸಬೇಡಿ, ಅಷ್ಟೇ.

ನೀರಿನಲ್ಲಿ ಸದ್ದಿರೋಲ್ಲ

ಭಯಪಡಿಸೋಕೆ ಹೇಳ್ತಿಲ್ಲ, ಆದರೆ ನೀರಿನ ವಿಚಾರದಲ್ಲಿ ನಾನು ಸ್ವಲ್ಪ ಜೋರು. ಸಿನಿಮಾದಲ್ಲಿ ತೋರಿಸೋ ಹಾಗೆ ಮುಳುಗೋ ಮಗು ಕೈ ಬೀಸಿ ‘ಕಾಪಾಡಿ’ ಅಂತ ಕೂಗೋದಿಲ್ಲ. ಉಸಿರಿಗೇ ಒದ್ದಾಡೋ ಬಾಯಿಗೆ ಕೂಗೋಕೆ ಆಗೋಲ್ಲ. ಸದ್ದಿಲ್ಲದೆ, ಪಕ್ಕದವರಿಗೂ ಗೊತ್ತಾಗದ ಹಾಗೆ ಮುಳುಗುತ್ತೆ. ಮೊಣಕಾಲುದ್ದ ನೀರೂ ಪುಟ್ಟ ಮಕ್ಕಳಿಗೆ ಸಾಕು. ಆದ್ದರಿಂದ ಆರೇಳು ವರ್ಷದೊಳಗಿನ ಮಗು ನೀರಿನಲ್ಲಿದ್ದರೆ, ಕೈ ಚಾಚಿದರೆ ಸಿಗೋಷ್ಟು ದೂರದಲ್ಲಿ ದೊಡ್ಡವರೊಬ್ಬರು ನೀರಿನೊಳಗೇ ಇರಬೇಕು. ಫೋನ್ ಹಿಡಿದು ದಡದಲ್ಲಿ ಫೋಟೋ ತೆಗೆಯೋರು ಈ ಲೆಕ್ಕಕ್ಕೆ ಬರೋಲ್ಲ. ‘ನೀವು ನೋಡ್ತಿದ್ದೀರಿ ಅಂದ್ಕೊಂಡೆ’, ‘ನೀನು ನೋಡ್ತಿದ್ದೀಯ ಅಂದ್ಕೊಂಡೆ’ ಅನ್ನೋ ಜಾಗದಲ್ಲೇ ಅನಾಹುತ ಆಗೋದು. ಹದಿನೈದು ನಿಮಿಷ ನಂದು, ಹದಿನೈದು ನಿಮಿಷ ನಿಮ್ಮದು ಅಂತ ಬಾಯಿಬಿಟ್ಟು ಹಂಚಿಕೊಳ್ಳಿ. ಗಾಳಿ ತುಂಬಿದ ರಿಂಗು, ತೋಳಿಗೆ ಹಾಕೋ ಬಲೂನು ಆಟಿಕೆಗಳೇ ಹೊರತು ಜೀವ ಕಾಯೋ ಸಾಮಾನಲ್ಲ. ಲೈಫ್‌ಗಾರ್ಡ್ ಹುಡುಗನಿಗೆ ನೂರಾರು ತಲೆ ಕಾಣುತ್ತವೆ, ನಿಮ್ಮ ಮಗುವಿನದು ಅದರಲ್ಲಿ ಒಂದು.

ಮಗುವಿನ ತುಟಿ ನೀಲಿಯಾದರೆ, ಹಲ್ಲು ಕಟಕಟ ಅಂದರೆ ಎತ್ತಿಬಿಡಿ, ಎಷ್ಟು ರಚ್ಚೆ ಹಿಡಿದರೂ ಸರಿ. ಪುಟ್ಟ ಮೈ ಬೇಗ ತಣ್ಣಗಾಗುತ್ತೆ, ಬಿಸಿಲಿಗೆ ಬೇಗ ಕಾಯುತ್ತೆ ಕೂಡ. ಏಪ್ರಿಲ್ ಮೇ ಬಿಸಿಲಲ್ಲಿ ಬಾಯಾರಿಕೆ ಅಂತ ಕೇಳೋವರೆಗೂ ಕಾಯದೆ ಗುಟುಕು ಗುಟುಕು ನೀರು ಕುಡಿಸ್ತಾ ಇರಿ.

ಬಟ್ಟೆಯ ಬಗ್ಗೆ ಹೆಂಗಸರಿಗೆ ಎರಡು ಮಾತು. ನೀರಿಗೆ ನೈಲಾನ್ ಬಟ್ಟೆಯೇ ಬೇಕು ಅಂತಾರೆ. ಅದು ಬರೀ ಬಾಡಿಗೆ ದುಡ್ಡಿನ ಆಸೆಯಲ್ಲ. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತೆ, ಅದರ ನೂಲು ಫಿಲ್ಟರಿಗೆ ಹೋಗಿ ಕಟ್ಟಿಕೊಳ್ಳುತ್ತೆ. ಪೂರ್ತಿ ತೋಳಿನ ಅಂಗಿ, ಕಾಲಿನವರೆಗೆ ಬರೋ ಲೆಗ್ಗಿಂಗ್ಸ್ ಇರೋ ನೈಲಾನ್ ಜೊತೆಗಳು ಈಗ ಸಿಗ್ತವೆ, ಮುಜುಗರ ಇದ್ದರೆ ಊರಲ್ಲೇ ಒಂದು ಕೊಂಡುಕೊಳ್ಳಿ. ತಿರುಗೋ ರೈಡಿನಲ್ಲಿ ದುಪಟ್ಟಾ, ಸೆರಗು, ಬಿಟ್ಟ ಕೂದಲು ಬೇಡವೇ ಬೇಡ. ಚಕ್ರಕ್ಕೆ ಕೂದಲು ಸಿಕ್ಕಿ ಜೀವಕ್ಕೇ ಎರವಾದದ್ದುಂಟು. ಇನ್ನು ಪಾರ್ಕಿಗೆ ಹೋಗೋಕೆ ಅಂತ ಮುಟ್ಟು ಮುಂದೂಡೋ ಮಾತ್ರೆಯನ್ನು ಡಾಕ್ಟರನ್ನೂ ಕೇಳದೆ ನುಂಗೋರು ನಮ್ಮಲ್ಲಿ ಎಷ್ಟು ಜನ! ಒಂದು ವಾರ ಹೋಗೋದನ್ನೇ ಮುಂದೂಡಿದರೆ ಪಾರ್ಕು ಎಲ್ಲಿಗೂ ಓಡಿಹೋಗೋಲ್ಲ.

ಮಗು ತಪ್ಪಿಸಿಕೊಂಡರೆ ಅನ್ನೋ ದಿಗಿಲು ಎಲ್ಲ ಅಮ್ಮಂದಿರದ್ದೂ. ಗೇಟಿನಲ್ಲೇ ಮಗುವಿನ ಒಂದು ಫೋಟೋ ತೆಗೆದಿಡಿ, ಅವತ್ತು ಯಾವ ಬಣ್ಣದ ಅಂಗಿ ಹಾಕಿತ್ತು ಅಂತ ಗಾಬರಿಯಲ್ಲಿ ನೆನಪಾಗೋಲ್ಲ. ಮುಂಗೈ ಮೇಲೆ ನೀರಿಗೆ ಅಳಿಸದ ಪೆನ್ನಿನಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ. ಇಬ್ಬರ ನಂಬರೂ ಇರಲಿ, ಒಬ್ಬರ ಫೋನ್ ಲಾಕರಿನಲ್ಲಿರುತ್ತೆ. ‘ಅಮ್ಮ ಕಾಣದಿದ್ದರೆ ಹುಡುಕ್ಕೊಂಡು ಹೋಗಬೇಡ, ಇದೇ ಯೂನಿಫಾರಂ ಹಾಕಿರೋರ ಹತ್ತಿರ ಕೈ ತೋರಿಸು’ ಅಂತ ಅಲ್ಲಿನ ಒಬ್ಬ ಸಿಬ್ಬಂದಿಯನ್ನು ತೋರಿಸಿಯೇ ಹೇಳಿ.

ಬೆಂಚಿನ ಮೇಲಿನ ಹೆಂಗಸರು

ಅವತ್ತು ನಾನು ಎಷ್ಟು ರೈಡ್ ಹತ್ತಿದೆ ಹೇಳಿ? ಒಂದೂ ಇಲ್ಲ. ಒದ್ದೆ ಟವೆಲ್ಲು, ಏಳು ಜನರ ಚಪ್ಪಲಿ, ಕನ್ನಡಕ, ಪರ್ಸು, ಮೊಬೈಲು ಎಲ್ಲ ತೊಡೆ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಓರಗಿತ್ತಿ. ಸುತ್ತ ನೋಡಿದರೆ ಬೆಂಚಿನ ತುಂಬ ನಮ್ಮಂಥವರೇ! ಬಾಗಲಕೋಟೆಯಿಂದ ಬಂದಿದ್ದ ಒಬ್ಬರು, ‘ಟಿಕೆಟ್ ಕೊಟ್ಟು ಚೀಲಾ ಕಾಯಾಕ ಬಂದೀವಿ ನೋಡ್ರೀ’ ಅಂತ ನಕ್ಕರು. ನಾವೂ ನಕ್ಕೆವು. ಆಮೇಲೆ ಯಾಕೋ ನಗು ನಿಂತುಹೋಯಿತು.

ಈ ಬೆಂಚಿಗೊಂದು ಕಥೆ ಇದೆ. ಅಮೆರಿಕದ ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗ್ತಿದ್ದನಂತೆ. ಮಕ್ಕಳು ಕುದುರೆ ತೊಟ್ಟಿಲಲ್ಲಿ ಸುತ್ತುವಾಗ ತಾನು ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತಾ ಕೂತಿರೋನು. ಅಪ್ಪ ಅಮ್ಮ ಮಕ್ಕಳು ಒಟ್ಟಿಗೇ ಆಡೋ ಒಂದು ಜಾಗ ಯಾಕಿರಬಾರದು ಅನ್ನೋ ಯೋಚನೆ ಬಂದದ್ದು ಅಲ್ಲೇ ಅಂತ ಅವನೇ ಹೇಳಿಕೊಂಡಿದ್ದಾನೆ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ಶುರುವಾಯಿತು. ಅಲ್ಲೂ ಮೊದಮೊದಲು ನಮ್ಮ ಜಾತ್ರೆಯ ಹಾಗೆ ಆಟಕ್ಕೊಂದು ಚೀಟಿಯೇ. ಒಂದೇ ಟಿಕೆಟ್ಟಿಗೆ ಎಲ್ಲ ಆಟ ಅನ್ನೋದು ಬಂದದ್ದು 1982ರಲ್ಲಿ. ನೋಡಿ, ಬೆಂಚಿನ ಮೇಲೆ ಕೂತು ಬೇಜಾರಾದ ಒಬ್ಬ ಅಪ್ಪನಿಂದ ಹುಟ್ಟಿದ ಪಾರ್ಕು! ನಮ್ಮಲ್ಲಿಗೆ ಬರೋ ಹೊತ್ತಿಗೆ ಅಮ್ಮಂದಿರು ಅದೇ ಬೆಂಚಿನ ಮೇಲೆ ಕೂತಾಯಿತು.

ಡಿಸ್ನಿ ಪಾರ್ಕುಗಳಲ್ಲಿ ಒಂದು ಒಳ್ಳೆ ಪದ್ಧತಿ ಇದೆ. ಚಿಕ್ಕ ಮಗು ಹತ್ತಲಾಗದ ರೈಡಿಗೆ ಅಪ್ಪ ಹೋಗಿ ಬರೋವರೆಗೂ ಅಮ್ಮ ಮಗುವಿನ ಜೊತೆ ಕಾಯ್ತಾಳೆ. ಅವನು ಬಂದ ಮೇಲೆ ಅಮ್ಮ ಮತ್ತೆ ಮೊದಲಿಂದ ಕ್ಯೂ ನಿಲ್ಲದೆ ಹತ್ತಬಹುದು. ನಮ್ಮ ಪಾರ್ಕುಗಳಲ್ಲೂ ಕೇಳಿ ನೋಡಿ, ಕೇಳೋಕೇನು ಸಂಕೋಚ? ಇಲ್ಲ ಅಂದರೂ ಗಂಡಸರು ಒಂದು ಗಂಟೆ ಬೆಂಚಿನ ಮೇಲೆ ಕೂರಬಹುದು, ಬೆಂಚೇನು ಬೇಡ ಅನ್ನೋಲ್ಲ. ಮೊದಲು ಸಾಮಾನು ಕಡಿಮೆ ಮಾಡಿ, ಒಂದು ಲಾಕರ್ ತಗೊಳ್ಳಿ. ಲಾಕರಿನ ಬಾಡಿಗೆ ದಂಡ ಅಂತ ಉಳಿಸಿ, ಹೆಂಡತಿಯನ್ನೇ ಲಾಕರ್ ಮಾಡೋದು ಯಾವ ಉಳಿತಾಯ?

ಅವತ್ತು ಸಂಜೆ ಮುಚ್ಚೋ ಗಂಟೆಯವರೆಗೂ ಇದ್ದೆವು. ವಾಪಸ್ಸು ಬರುವಾಗ ಮಕ್ಕಳು ವ್ಯಾನಿನಲ್ಲಿ ಹೆಣದಂತೆ ಮಲಗಿದ್ದವು. ‘ಟಿಕೆಟ್ ದುಡ್ಡು ವಸೂಲಾಯ್ತು ಬಿಡು’ ಅಂದರು ನಮ್ಮವರು. ಮಾರನೇ ದಿನ ಪುಟ್ಟಿಗೆ ಜ್ವರ. ಅಜ್ಜಿ ಅವಳನ್ನು ‘ಏನು ಚೆನ್ನಾಗಿತ್ತು ಕಂದ?’ ಅಂತ ಕೇಳಿದರು. ಕಾಲು ತೊಳೆಯೋ ಜಾಗದಲ್ಲಿ ನೆಲದಿಂದ ನೀರು ಚಿಮ್ಮುತ್ತಿತ್ತಂತೆ, ಅದು ಚೆನ್ನಾಗಿತ್ತಂತೆ.

ಹೋದ ವರ್ಷ ಮತ್ತೆ ಹೋದೆವು. ಈ ಸಲ ನಾವು ನಾಲ್ಕೇ ಜನ, ಮಂಗಳವಾರ, ಜನ ಕಡಿಮೆ ಇರೋ ದಿನ ನೋಡಿ. ಮೊದಲು ಪುಟ್ಟಿಯ ಪುಟಾಣಿ ರೈಡುಗಳು, ಅವಳು ಒಂದೇ ಕುದುರೆ ಮೇಲೆ ಐದು ಸುತ್ತು ಹೊಡೆದಳು. ಯಾರೂ ‘ಬೇರೆದು ನೋಡು’ ಅನ್ನಲಿಲ್ಲ. ಮಧ್ಯಾಹ್ನ ಊಟ ಮಾಡಿ ಮರದ ನೆರಳಲ್ಲಿ ಟವೆಲ್ ಹಾಸಿ ಮುಕ್ಕಾಲು ಗಂಟೆ ಮಲಗಿಸಿದೆ. ಅಷ್ಟು ಹೊತ್ತು ಯಾವ ರೈಡೂ ಇಲ್ಲ. ನಮ್ಮವರು ಎರಡು ಸಲ ವಾಚು ನೋಡಿಕೊಂಡರು, ಆದರೆ ಬಾಯಿ ಬಿಡಲಿಲ್ಲ. ಕತ್ತಲೆ ಮನೆ ಮುಂದೆ ಹಾದುಹೋಗುವಾಗ ಮಗ ನನ್ನ ಕೈ ಹಿಡಿದುಕೊಂಡ. ‘ಹೋಗಲ್ಲ ಅಲ್ವಾ?’ ಅಂದ. ‘ಹೋಗಲ್ಲ’ ಅಂದೆ.

ನಾಲ್ಕು ಗಂಟೆಗೆ ಹೊರಡೋಣ ಅಂತ ಮೊದಲೇ ಮಾತಾಗಿತ್ತು. ಮೂರೂವರೆಗೆ ನಮ್ಮವರು, ‘ಚೀಲ ಇಲ್ಲಿ ಕೊಡು, ನೀನೊಂದು ಹತ್ತು’ ಅಂದರು. ‘ಬೇಡ ರೀ, ನಂಗೆ ಭಯ’ ಅಂದೆ. ಮಗ ಗಂಭೀರವಾಗಿ, ‘ಅಮ್ಮ ಬೇಡ ಅಂದ್ರೆ ಬೇಡ ಅಪ್ಪ’ ಅಂದ! ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತು, ಇಳಿದು ಬರೋರ ಮುಖ ನೋಡಿದೆ. ನಾಲ್ಕು ಸುತ್ತು ನೋಡಿದ ಮೇಲೆ ಕೂದಲು ಗಂಟು ಹಾಕಿಕೊಂಡು ಕ್ಯೂಗೆ ಹೋಗಿ ನಿಂತೆ. ದೋಣಿ ಮೇಲಕ್ಕೆ ಹೋದಾಗ ಕಿರುಚಿದೆ ಅಂದರೆ, ಮದುವೆಯಾದ ಮೇಲೆ ಅಷ್ಟು ಜೋರಾಗಿ ಕಿರುಚಿದ್ದು ಹೆರಿಗೆಯಲ್ಲಿ ಮಾತ್ರ ಇರಬೇಕು. ಕೆಳಗೆ ಬೆಂಚಿನ ಮೇಲೆ ಮೂರೂ ಜನ ಸಾಲಾಗಿ ಕೂತಿದ್ದರು. ನನ್ನ ಚಪ್ಪಲಿ ಪುಟ್ಟಿಯ ತೊಡೆ ಮೇಲಿತ್ತು.